ಸವರಿಮುತ್ತು ಮೇಸ್ತ್ರಿಯೂ ಹನ್ನೊಂದು ಅಂಗುಲವೂ

೧೯೩೪ನೆಯ ಇಸವಿ ಮಾರ್ಚ್ ೩, ಶನಿವಾರ, ಸಾಯಂಕಾಲ ನಾಲ್ಕೂವರೆ ಗಂಟೆಗೆ ನಮ್ಮ ನಗರದ ಹವ್ಯಾಸಿ ಗ್ಲೈಡರ್ ಸಂಘದ ಕೊಠಡಿಯಲ್ಲಿ ಒಂದು ವಾಕ್ಯವನ್ನು ಓದಿ ಅಂಗೀಕರಿಸಲಾಯಿತು. ವಾಕ್ಯ ಹೀಗಿದೆ: "ಎರಡು ಆಸನಗಳ ಗ್ಲೈಡರು ಬಿದ್ದುದಕ್ಕೆ, ಹಿಂದಿನ ಆಸನವನ್ನು ನಕ್ಷೆಯಲ್ಲಿದ್ದುದಕ್ಕಿಂತ ಹನ್ನೊಂದು ಅಂಗುಲ ಹಿಂದೆ ಕೂರಿಸಿದ ಬಡಗಿಯ ಅಲಕ್ಷ್ಯವೇ ಕಾರಣ."

ಬಡಗಿಯ ಹೆಸರನ್ನು ಬರೆಯುವಷ್ಟು ಸೌಜನ್ಯವನ್ನೂ ಬರೆದವರು ತೋರಲಿಲ್ಲ. ಆತನ ಹೆಸರು ಸವರಿಮುತ್ತು. ತಂದೆ ದೇವಸಹಾಯಂ. ಲಷ್ಕರ್ ಮೊಹಲ್ಲಾದಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸಾರೋಟು ಮತ್ತು ಜಟಕಾಗಳನ್ನು ಕಟ್ಟಿದ ಮೇಸ್ತ್ರಿ. ಮೇಲಿನ ವಾಕ್ಯದಲ್ಲಿ ಹನ್ನೊಂದು ಅಂಗುಲವೆಂಬುದು ನಿಜ, ಅಲಕ್ಷ್ಯವೆಂಬುದು ಸುಳ್ಳು. ಹನ್ನೊಂದು ಅಂಗುಲವೆಂದು ಅಳೆದು ಹೇಳಿದವನು ನಾನು. ಆದಕಾರಣ ಈ ಬರಹವನ್ನು ನಾನಲ್ಲದೆ ಬೇರೆಯವರು ಬರೆಯುವಂತಿಲ್ಲ.

ನಾನು ಸರ್ಕಾರದ ಕಟ್ಟಡಗಳ ಇಲಾಖೆಯಲ್ಲಿ ಮೂವತ್ತೊಂದು ವರ್ಷ ನಕ್ಷೆಗಾರನಾಗಿದ್ದು ೧೯೨೯ರಲ್ಲಿ ಪಿಂಚಣಿ ಪಡೆದವನು. ೧೯೩೨ರಲ್ಲಿ ಕೆಲವು ಮಹನೀಯರು ಸೇರಿ, ಎಂಜಿನ್ನಿಲ್ಲದೆ ಗಾಳಿಯ ಮೇಲೆಯೇ ತೇಲುವ ಗ್ಲೈಡರನ್ನು ಮೈಸೂರಿನಲ್ಲಿ ಹಾರಿಸಬೇಕೆಂದು ಸಂಘ ಕಟ್ಟಿದಾಗ, ನಕ್ಷೆಯ ಕೆಲಸಕ್ಕೆ ನನ್ನನ್ನು ಕೇಳಿದರು. ಕಟ್ಟುವ ಕೆಲಸಕ್ಕೆ ಸವರಿಮುತ್ತುವನ್ನು ಸೂಚಿಸಿದವನೂ ನಾನೇ. ಅದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಆತ ೧೮೮೦ರಲ್ಲಿ ಹುಟ್ಟಿದವನು. ಶಾಲೆಯಲ್ಲಿ ಓದಿದ್ದು ಮೂರನೆಯ ತರಗತಿಯವರೆಗೆ. ಅಂಗಡಿಯ ಬಾಗಿಲ ಮೇಲೆ ಸಂತ ಜೋಸೆಫರ ಪಟ. ಅದರ ಕೆಳಗೆ ತಂದೆಯ ಕಾಲದ ಉಳಿಗಳು, ಉದ್ದದ ಕ್ರಮದಲ್ಲಿ. ಭಾನುವಾರ ಪೂಜೆಗೆ ಹೋಗಿಬರುವ ಮುನ್ನ ಉಳಿ ಮುಟ್ಟುತ್ತಿರಲಿಲ್ಲ. ಯಾರೇ ಅಂಗಡಿಗೆ ಬಂದರೂ ಮೊದಲು ಅವರ ಮುಖ ನೋಡದೆ ಮೈ ನೋಡುತ್ತಿದ್ದ. ಇವರು ಗಾಡಿಯಲ್ಲಿ ಎಲ್ಲಿ ಕೂತರೆ ಕುದುರೆಗೆ ಹಿತ ಎಂಬುದು ಆತನ ಮೊದಲ ಯೋಚನೆ. ನನ್ನನ್ನು ನೋಡಿದ ದಿನವೇ ನಕ್ಕು, "ನೀವು ಮುಂದೆ ಕೂತ್ರೂ ಒಂದೇ, ಹಿಂದೆ ಕೂತ್ರೂ ಒಂದೇ ಸ್ವಾಮಿ. ಕುದುರೆಗೆ ನೀವು ಬಂದಿದ್ದೇ ಗೊತ್ತಾಗಕಿಲ್ಲ" ಎಂದಿದ್ದ. ನಾನು ಆಗಲೂ ಈಗಲೂ ತೊಂಬತ್ತೆಂಟು ಪೌಂಡು.

ಆ ಅಂಗಡಿಯಲ್ಲಿ ತಂದೆಯಿಂದ ಬಂದ ಒಂದು ಪದ್ಧತಿಯಿತ್ತು. ಗಾಡಿ ಮಾಡಿಸುವವರು ಅರ್ಧ ಕಟ್ಟಿದ ಗಾಡಿಯಲ್ಲಿ ತಾವೇ ಕೂತು ನೋಡಿ, ಆಸನ ಎಲ್ಲಿ ಬರಬೇಕೆಂಬುದಕ್ಕೆ ಒಳಗಿನ ಹಲಗೆಯ ಮೇಲೆ ಕೆಂಪು ಸೀಸದಕಡ್ಡಿಯಿಂದ ತಮ್ಮ ಕೈಯಾರ ಗೆರೆ ಎಳೆದು, ಪಕ್ಕದಲ್ಲಿ ಹೆಸರಿನ ಮೊದಲಕ್ಷರ ಬರೆಯಬೇಕು. ಅದಕ್ಕೆ 'ಗಿರಾಕಿ ಗೆರೆ' ಎಂದು ಹೆಸರು. ಆಮೇಲೆ ಅದರ ಮೇಲೆ ಮೆತ್ತೆ ಬರುತ್ತದೆ. ಗೆರೆ ಯಾರಿಗೂ ಕಾಣದು. "ನಾಳೆ ಸೊಂಟ ನೋವು ಅಂತ ಜಗಳಕ್ಕೆ ಬಂದ್ರೆ ಮೆತ್ತೆ ಎತ್ತಿ ತೋರಿಸ್ತೀನಿ, ನೋವು ಯಾರದು, ಗೆರೆ ಯಾರದು ಅಂತ" ಎನ್ನುತ್ತಿದ್ದ. ಮೂವತ್ತು ವರ್ಷಗಳಲ್ಲಿ ಮೆತ್ತೆ ಎತ್ತಬೇಕಾಗಿ ಬಂದದ್ದು ಎರಡೇ ಬಾರಿಯಂತೆ.

ಈಗ ಗ್ಲೈಡರಿನ ವಿಷಯ. ಸಂಘದ ಮೊದಲ ಗ್ಲೈಡರಿನಲ್ಲಿ ಒಂದೇ ಆಸನವಿತ್ತು. ಕಲಿಯುವವನು ಒಬ್ಬನೇ ಮೇಲೇರಬೇಕು. ಕಲಿಸುವವನು ನೆಲದ ಮೇಲೆ ಓಡುತ್ತ ಕೂಗಬೇಕು. ಉಪಾಧ್ಯಾಯರಾದ ರಾಮಸ್ವಾಮಿ ಎಂಬುವರು ಬೊಂಬಾಯಿಯಲ್ಲಿ ಹಾರಾಟ ಕಲಿತು ಬಂದ ಮೂವತ್ತರ ಪ್ರಾಯದವರು. ಹೀಗೆ ಕಲಿಸುವುದು ಈಜು ಬಾರದವನನ್ನು ಕೆರೆಗೆ ತಳ್ಳಿ ದಡದಿಂದ ಉಪದೇಶ ಮಾಡಿದಂತೆ ಎಂದು ಅವರು ಸಾರಿ ಸಾರಿ ಹೇಳಿದ ಮೇಲೆ, ಎರಡು ಆಸನಗಳ ಗ್ಲೈಡರನ್ನು ಕಟ್ಟಲು ೧೯೩೩ರ ಆಗಸ್ಟ್‌ನಲ್ಲಿ ತೀರ್ಮಾನವಾಯಿತು. ಪ್ರಶ್ನೆ ಉಳಿದದ್ದು ಒಂದೇ: ಇಬ್ಬರೂ ಪಕ್ಕಪಕ್ಕದಲ್ಲಿ ಕೂರಬೇಕೋ, ಒಬ್ಬರ ಹಿಂದೆ ಒಬ್ಬರು ಕೂರಬೇಕೋ?

ರಾಮಸ್ವಾಮಿಯವರ ಇಷ್ಟ ಪಕ್ಕಪಕ್ಕದ್ದು. ಕಲಿಯುವವನ ಕೈ ನಡುಗುವುದು ಕಣ್ಣಿಗೆ ಕಾಣಬೇಕು, ಅವನ ಕಿವಿಗೆ ಮಾತು ಮುಟ್ಟಬೇಕು ಎಂಬುದು ಅವರ ವಾದ. ಇದಕ್ಕೆ ನ್ಯಾಯವಾದ ಆಕ್ಷೇಪಣೆಯೂ ಒಂದಿತ್ತು: ಪಕ್ಕಪಕ್ಕ ಕೂತರೆ ಒಡಲು ಅಗಲವಾಗುತ್ತದೆ, ಗಾಳಿ ತಡೆಯುತ್ತದೆ, ಹಾರುವ ದೂರ ಕಡಿಮೆಯಾಗುತ್ತದೆ. ಸಭೆ ಇದನ್ನು ತೂಗಿ ನೋಡಿದ್ದರೆ ನಾನು ಈ ಬರಹದ ಅರ್ಧವನ್ನು ಬರೆಯುತ್ತಿರಲಿಲ್ಲ. ಆದರೆ ಸಂಘದ ಅಧ್ಯಕ್ಷರೂ ನಿವೃತ್ತ ಅಧಿಕಾರಿಗಳೂ ಆದ ದೊರೆಸ್ವಾಮಿಯವರು ಕೇಳಿದ ಪ್ರಶ್ನೆ ಬೇರೆ. ಪ್ರಾರಂಭೋತ್ಸವದ ದಿನ ಮೊದಲು ಏರತಕ್ಕವರು ಅವರು.

"ಅಂದ್ರೆ ನಾನು ಈ ಉಪಾಧ್ಯಾಯರ ಭುಜಕ್ಕೆ ಭುಜ ಒರಸ್ಕೊಂಡು ಕೂರಬೇಕೇನ್ರೀ? ನಂಜನಗೂಡಿನ ಬಸ್ಸಲ್ಲಿ ಕೂತಂಗೆ?"

ಸಭೆ ನಕ್ಕಿತು. ರಾಮಸ್ವಾಮಿಯವರು ತಲೆ ತಗ್ಗಿಸಿದರು. ಆಸನಗಳು ಒಂದರ ಹಿಂದೊಂದು ಎಂದು ನಿರ್ಣಯವಾಯಿತು.

ಮುಂದೆ ಯಾರು? ಬೇರೆಡೆಗಳಲ್ಲಿ ಕಲಿಯುವವನು ಮುಂದೆ, ಗುರು ಹಿಂದೆ ಎಂದು ರಾಮಸ್ವಾಮಿಯವರು ತಿಳಿಸಿದರು. "ಮುಂದೆ ಕೂರೋನು ಸಾರೋಟು ಹೊಡೆಯೋ ಕೋಚುಮನ್ನು. ನಾನು ಹಿಂದೆ" ಎಂದರು ಅಧ್ಯಕ್ಷರು. ಅದೂ ನಿರ್ಣಯವಾಯಿತು.

ಮೂಲೆಯಲ್ಲಿ ನಿಂತಿದ್ದ ಸವರಿಮುತ್ತುವನ್ನು ಯಾರೂ ಕೇಳಿರಲಿಲ್ಲ. ಆತ ಕೈ ಮುಗಿದು ಹೇಳಿದ: "ಯಾರು ಎಲ್ಲಿ ಬೇಕಾದ್ರೂ ಕೂರ್ಲಿ ಸ್ವಾಮಿ, ನಂದೇನೂ ತಕರಾರಿಲ್ಲ. ಮುಂದಿನ ಸೀಟು ಯಾವತ್ತೂ ಖಾಲಿ ಇರಕೂಡ್ದು. ಹಿಂದಿನ ಸೀಟು ತೂಕದ ನಡೂಮಧ್ಯಕ್ಕೆ ಬರ್ಬೇಕು. ಅಲ್ಲಿ ಕೂತ್ರೂ ಸೈ, ಎದ್ದೋದ್ರೂ ಸೈ, ಗಾಡಿಗೆ ಗೊತ್ತಾಗಬಾರ್ದು."

ಪುಸ್ತಕಗಳಲ್ಲಿ ನಾಲ್ಕು ಪುಟ ಬೇಕಾಗುವ ವಿಷಯವನ್ನು ಆತ ನಾಲ್ಕು ಮಾತಿನಲ್ಲಿ ಮುಗಿಸಿದ್ದ. ಎಲ್ಲಿ ಕಲಿತ? ಜಟಕಾದಲ್ಲಿ. ಜಟಕಾ ಹತ್ತಿದವರಿಗೆಲ್ಲ ಗೊತ್ತು: ಜನ ಹಿಂದೆ ಗುಂಪಾದರೆ ಕುದುರೆಗೆ ಕಟ್ಟುವ ಮುಂದಿನ ಮರ, ಅಂದರೆ ಮೂಕಿ, ಮೇಲೇಳುತ್ತದೆ, ಕುದುರೆಯ ಹೊಟ್ಟೆಪಟ್ಟಿ ಬಿಗಿಯುತ್ತದೆ, ಗಾಡಿಯವನು "ಮುಂದಕ್ಕೆ ಬನ್ನೀ ಸ್ವಾಮಿ, ಮುಂದಕ್ಕೆ ಬನ್ನೀ" ಎಂದು ಕೂಗುತ್ತಾನೆ. ಎರಡು ಚಕ್ರದ ಗಾಡಿಯಲ್ಲಿ ಕೂರುವ ಜಾಗವೆಂದರೆ ಪ್ರಾಣದ ವಿಷಯ. ಸಾರೋಟಿಗೆ ನಾಲ್ಕು ಚಕ್ರ. ಅಲ್ಲಿ ಹಿಂದೆ ಒರಗಿ ಕೂತರೂ ಏನೂ ಆಗದು. ಅಲ್ಲಿ ಕೂರುವ ಜಾಗವೆಂದರೆ ಬರಿಯ ಮರ್ಯಾದೆಯ ವಿಷಯ. ನಮ್ಮ ಅಧ್ಯಕ್ಷರು ಹುಟ್ಟಿದಾರಭ್ಯ ಸಾರೋಟಿನಲ್ಲಿ ಓಡಾಡಿದವರು. ಗಾಳಿಯಲ್ಲಿ ನಾಲ್ಕು ಚಕ್ರವಿಲ್ಲವೆಂಬುದು ಅವರಿಗೆ ಹೊಳೆಯಲಿಲ್ಲ.

ಸವರಿಮುತ್ತು ಹೇಳಿದಂತೆಯೇ ನಾನು ನಕ್ಷೆ ಬರೆದೆ. ಅಧ್ಯಕ್ಷರು ಅದಕ್ಕೆ ರುಜು ಹಾಕಿದರು. ಐದು ತಿಂಗಳಲ್ಲಿ ಗ್ಲೈಡರು ಎದ್ದು ನಿಂತಿತು. ಬೆತ್ತದ ಎರಡು ಆಸನಗಳನ್ನು ಆತನ ಹೆಂಡತಿ ಆರೋಗ್ಯಮೇರಿ ಹೆಣೆದಿದ್ದಳು.

೧೯೩೪ರ ಜನವರಿ ೧೪ ಭಾನುವಾರ, ಸಂಕ್ರಾಂತಿ. ಅಧ್ಯಕ್ಷರು ಮಧ್ಯಾಹ್ನ ಅಂಗಡಿಗೆ ದಯಮಾಡಿಸಿ, ಹಿಂದಿನ ಆಸನದಲ್ಲಿ ಕೂತು ನೋಡಿದರು. ನಾನು ಅಲ್ಲಿದ್ದೆ.

"ಏನಯ್ಯಾ ಮೇಸ್ತ್ರಿ, ಇದು ಸೀಟೋ ಇಲಿಬೋನೋ? ನನ್ನ ಮೊಣಕಾಲು ಮುಂದಿನವನ ಬೆನ್ನಿಗೆ ಹೊಡೀತದೆ. ಹಿಂದಕ್ಕೆ ತಗೋ."

"ಹಿಂದಕ್ಕೆ ಹೋದ್ರೆ ಬಾಲ ಕೂರ್ತದೆ ಸ್ವಾಮಿ. ಬೇಕಾದ್ರೆ ಮುಂದಿನ ಸೀಟನ್ನೇ ಮುಂದಕ್ಕೆ ತಳ್ಳಿಕೊಡ್ತೀನಿ, ಒಂದೂವರೆ ತಿಂಗಳು ಕೊಡಿ."

"ತಿಂಗಳುಗಿಂಗಳು ಆಗಲ್ಲ, ಮುಹೂರ್ತ ಇಟ್ಟಾಗಿದೆ. ನಾನು ಹೇಳಿದ್ದು ಮಾಡು."

ಸವರಿಮುತ್ತು ಕಿವಿಯ ಮೇಲಿದ್ದ ಕೆಂಪು ಸೀಸದಕಡ್ಡಿಯನ್ನು ತೆಗೆದು ಎರಡೂ ಕೈಯಿಂದ ನೀಡಿದ. "ಹಂಗಾದ್ರೆ ಗೆರೆ ಎಳೀರಿ ಸ್ವಾಮಿ. ನಮ್ಮ ಅಂಗಡಿ ವಾಡಿಕೆ."

ಅಧ್ಯಕ್ಷರು ನಗುತ್ತಲೇ ಗೆರೆ ಎಳೆದರು. ಪಕ್ಕದಲ್ಲಿ 'ದೊ' ಎಂದು ಬರೆದರು. ಎಲ್ಲರಿಗೂ ಎಳ್ಳುಬೆಲ್ಲ ಹಂಚಿ, ಒಳ್ಳೆಯ ಮಾತಾಡಿ ಎಂದು ಹೇಳಿ ಹೊರಟರು. ನಾನು ಅಳೆದೆ. ಹಳೆಯ ಸ್ಥಾನದಿಂದ ಹನ್ನೊಂದು ಅಂಗುಲ.

ಮರುದಿನ ತಿದ್ದಿದ ನಕ್ಷೆಯನ್ನು ಹಿಡಿದು ರುಜುವಿಗಾಗಿ ಅಧ್ಯಕ್ಷರ ಮನೆಗೆ ಹೋದೆ. "ಆಮೇಲೆ ನೋಡೋಣ" ಎಂದರು. ಇನ್ನೂ ಎರಡು ಸಲ ಹೋದೆ. ರುಜುವಿಲ್ಲದ ತಿದ್ದುಪಡಿಯನ್ನು ಕಡತಕ್ಕೆ ಸೇರಿಸಬಾರದೆಂಬುದು ನಾನು ಮೂವತ್ತೊಂದು ವರ್ಷ ಪಾಲಿಸಿದ ನಿಯಮ. ಆದ್ದರಿಂದ ಕಡತದಲ್ಲಿ ಹಳೆಯ ನಕ್ಷೆಯೇ ಉಳಿಯಿತು. ಹೊಸದನ್ನು ನನ್ನ ಪೆಟ್ಟಿಗೆಯಲ್ಲಿಟ್ಟೆ.

ಸವರಿಮುತ್ತು ಮಾತ್ರ ಸುಮ್ಮನೆ ಕೂರಲಿಲ್ಲ. ಜಟಕಾದ ತೂಕ ನೋಡುವಂತೆಯೇ ಗ್ಲೈಡರಿನ ಒಡಲನ್ನು ಒಂದು ದುಂಡು ಮರದ ಮೇಲೆ ಅಡ್ಡ ಇಟ್ಟು, ಮುಂದೆ ರಾಮಸ್ವಾಮಿಯವರನ್ನು ಕೂರಿಸಿ, ಹಿಂದೆ ಅಧ್ಯಕ್ಷರ ತೂಕವಾದ ಇನ್ನೂರ ನಾಲ್ಕು ಪೌಂಡಿನಷ್ಟು ಅಕ್ಕಿಯ ಮೂಟೆ ಇಟ್ಟ. ಬಾಲ ಧಡ್ಡೆಂದು ನೆಲಕ್ಕೆ ಬಿತ್ತು. ಜಟಕಾ ಚಕ್ರದ ಕಬ್ಬಿಣದ ಪಟ್ಟಿಗಳ ತುಂಡುಗಳನ್ನು ಮೂಗಿನ ಕೆಳಗೆ ಒಂದೊಂದಾಗಿ ಕಟ್ಟುತ್ತ ಬಂದ. ಬಾಲ ಎದ್ದು ಒಡಲು ಮಟ್ಟಸವಾಗಿ ನಿಂತಾಗ ಪಟ್ಟಿಗಳನ್ನು ಬಿಚ್ಚಿ ತೂಗಿದೆವು: ನಲವತ್ತು ಪೌಂಡು. ಆ ಸಂಜೆ ನಾನು ಮನೆಯಲ್ಲಿ ಲೆಕ್ಕ ಹಾಕಿದೆ. ಮೂಗಿನಿಂದ ತೂಕದ ಮಧ್ಯಕ್ಕೆ ಐವತ್ತಾರು ಅಂಗುಲ. ಇನ್ನೂರ ನಾಲ್ಕನ್ನು ಹನ್ನೊಂದರಿಂದ ಗುಣಿಸಿ ಐವತ್ತಾರರಿಂದ ಭಾಗಿಸಿದರೆ ನಲವತ್ತು ಪೌಂಡಿನ ಮೇಲೆ ಒಂದು ಔನ್ಸು ಚಿಲ್ಲರೆ. ಮೂರನೆಯ ತರಗತಿಯ ಸವರಿಮುತ್ತುವಿಗೂ ನನ್ನ ಗಣಿತಕ್ಕೂ ಇದ್ದ ಅಂತರ ಆ ಒಂದು ಔನ್ಸು.

ಪಟ್ಟಿಗಳನ್ನು ಮೂಗಿನ ಕೆಳಗೆ ಚರ್ಮದ ವಾರಿನಿಂದ ಬಿಗಿದ. ದೊರೆಸ್ವಾಮಿಯವರು ಹಿಂದೆ ಕೂರುವಾಗ ಈ ಕಬ್ಬಿಣ ತಪ್ಪಕೂಡದೆಂದು ಸಂಘದ ಕಾರ್ಯದರ್ಶಿಗೆ ಬಾಯಲ್ಲಿ ಹೇಳಿದ. ನನ್ನಿಂದ ಚೀಟಿಯಲ್ಲಿಯೂ ಬರೆಸಿ ಕೊಟ್ಟ.

ಫೆಬ್ರವರಿ ೧೧, ಭಾನುವಾರ, ಬೆಳಗ್ಗೆ ಎಂಟು ಗಂಟೆ. ಚಾಮುಂಡಿ ಬೆಟ್ಟದ ಪೂರ್ವದ ತಪ್ಪಲಿನ ಇಳಿಜಾರು. ಶಾಮಿಯಾನ, ಬ್ಯಾಂಡು, ಬೆಟ್ಟದಿಂದ ತರಿಸಿದ ಪ್ರಸಾದ. ಗಣ್ಯರಿಗೆ ಹಗ್ಗದ ಒಳಗೆ ಕುರ್ಚಿ. ಕೆಲಸಗಾರರು ಹಗ್ಗದ ಹೊರಗೆ. ಐದು ತಿಂಗಳು ಗ್ಲೈಡರನ್ನು ಕಟ್ಟಿದವನು ಹಗ್ಗದ ಹೊರಗೆ ಕಡಲೆಕಾಯಿ ಮಾರುವವರ ಜೊತೆ ನಿಂತಿದ್ದ.

ಮೊದಲು ಫೋಟೋ. ಗ್ಲೈಡರಿನ ಮೂಗಿಗೆ ಹಾರ ಹಾಕಲು ಬಗ್ಗಿದ ಅಧ್ಯಕ್ಷರು ಕಬ್ಬಿಣವನ್ನು ಕಂಡರು.

"ಏನ್ರೀ ಇದು, ತುಡುಗು ದನದ ಕೊರಳಿಗೆ ಕೊರಡು ಕಟ್ಟಿದಂಗೆ? ಫೋಟೋದಲ್ಲಿ ಇದು ಬರಬೇಕಾ? ಬಿಚ್ಚಿಸ್ರೀ."

ಕಾರ್ಯದರ್ಶಿ ಬಿಚ್ಚಿಸಿದರು. ಫೋಟೋ ಆಯಿತು. ಕಬ್ಬಿಣ ಹುಲ್ಲಿನ ಮೇಲೆಯೇ ಉಳಿಯಿತು. ಅದನ್ನು ಮೂಗಿನ ಅಡಿಯಲ್ಲಿ ಕಟ್ಟುತ್ತಿದ್ದುದರಿಂದ, ಮುಂದಿನ ಆಸನದಲ್ಲಿ ಆಗಲೇ ಪಟ್ಟಿ ಬಿಗಿದು ಕೂತಿದ್ದ ರಾಮಸ್ವಾಮಿಯವರಿಗೆ ಇದ್ದದ್ದೂ ಕಾಣುತ್ತಿರಲಿಲ್ಲ, ಇಲ್ಲವಾದದ್ದೂ ಕಾಣುತ್ತಿರಲಿಲ್ಲ. ನಾನು ಶಾಮಿಯಾನದಲ್ಲಿ ಆಹ್ವಾನಿತರ ಪಟ್ಟಿ ನೋಡಿಕೊಳ್ಳುತ್ತಿದ್ದೆ. ಬಿಚ್ಚಿಸಿದ ಮಾತು ನನಗೆ ಕೇಳಿದ್ದು ಆ ಮಧ್ಯಾಹ್ನ, ಫೋಟೋದವರ ಬಾಯಿಂದ.

ಗ್ಲೈಡರಿಗೆ ರಬ್ಬರಿನ ಹಗ್ಗ ಕಟ್ಟಿ ಹನ್ನೆರಡು ಜನ ಇಳಿಜಾರಿನಲ್ಲಿ ಎಳೆದು ಓಡುವುದು ಕ್ರಮ. ಅವರು ಹಗ್ಗ ಹಿಡಿದಾಗ ಹೊರಗಿನಿಂದ ಸವರಿಮುತ್ತು ಕೂಗಿದನೆಂದೂ ನನಗೆ ಆಮೇಲೆಯೇ ತಿಳಿಯಿತು: "ಕಬ್ಬಿಣ! ಸ್ವಾಮೀ, ಕಬ್ಬಿಣ ಕಟ್ಟಿಲ್ಲ! ನಿಲ್ಸೀ!"

ಯಾರೋ ಹಗ್ಗದ ಒಳಗಿನವರು ಕೂಗಿ ಹೇಳಿದರು: "ತಡ್ಕೊಳೋ ಮಾರಾಯ, ನಿನ್ನ ಸಾಮಾನೆಲ್ಲ ಆಮೇಲೆ ಕೊಡ್ತಾರೆ!" ಜನ ಗೊಳ್ಳೆಂದು ನಕ್ಕರು. ಬ್ಯಾಂಡು ಮೊಳಗಿತು.

ಗ್ಲೈಡರು ನೆಲ ಬಿಟ್ಟೊಡನೆ ಮೂಗೆತ್ತಿತು, ಇನ್ನೂ ಎತ್ತಿತು. ರಾಮಸ್ವಾಮಿಯವರು ಹಿಡಿಕೆಯನ್ನು ಪೂರ್ತಿ ಮುಂದಕ್ಕೆ ಒತ್ತಿದ್ದರೆಂದು ಆಮೇಲೆ ತಿಳಿಸಿದರು, ಫಲವಾಗಲಿಲ್ಲ. ಸುಮಾರು ಮೂವತ್ತು ಅಡಿಯ ಎತ್ತರದಲ್ಲಿ ಕುದುರೆ ಬಿಚ್ಚಿದ ಜಟಕಾದ ಮೂಕಿಯಂತೆ ಒಂದು ಕ್ಷಣ ನಿಂತು, ಎಡಕ್ಕೆ ವಾಲಿ, ಬಿತ್ತು. ಅಧ್ಯಕ್ಷರ ಮಣಿಕಟ್ಟು ಉಳುಕಿತು. ಎರಡು ಹಲ್ಲು ಹೋದವು. ರಾಮಸ್ವಾಮಿಯವರ ಬಲಗಾಲು ಎರಡು ಕಡೆ ಮುರಿಯಿತು. ಅವರು ಇಂದಿಗೂ ಊರುಗೋಲಿಲ್ಲದೆ ನಡೆಯಲಾರರು.

ವಿಚಾರಣಾ ಸಮಿತಿಯಲ್ಲಿ ಮೂವರು: ಸ್ವತಃ ದೊರೆಸ್ವಾಮಿಯವರು, ಅದೇ ಕಾರ್ಯದರ್ಶಿಗಳು, ಅಧ್ಯಕ್ಷರ ಷಡ್ಡಕರು. ರಾಮಸ್ವಾಮಿಯವರು ಆಸ್ಪತ್ರೆಯಿಂದ ಬರುವವರೆಗೆ ಅವರು ಕಾಯಲಿಲ್ಲ. ಕಡತದ ನಕ್ಷೆಯನ್ನು ನನ್ನ ಮುಂದೆ ಬಿಡಿಸಿಟ್ಟರು.

"ಇದು ನೀವು ಬರೆದ ನಕ್ಷೆಯೇ?"

"ಹೌದು."

"ಬಿದ್ದ ಗ್ಲೈಡರಿನಲ್ಲಿ ಹಿಂದಿನ ಆಸನ ಇದಕ್ಕಿಂತ ಹಿಂದಿತ್ತೇ?"

"ಹೌದು. ಹನ್ನೊಂದು ಅಂಗುಲ."

"ಹಿಂದಿಡಲು ರುಜುವಾದ ಆಜ್ಞೆ ಏನಾದರೂ ಉಂಟೇ?"

"ಇಲ್ಲ."

ಮೂರು ಪ್ರಶ್ನೆ, ಮೂರು ಉತ್ತರ, ಮೂರೂ ಸತ್ಯ. ಕಚೇರಿಯಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕೆಂದು ಕಲಿತವನು ನಾನು. 'ಹಿಂದಿಡಲು ಹೇಳಿದವರು ಯಾರು?' ಎಂಬ ನಾಲ್ಕನೆಯ ಪ್ರಶ್ನೆಯನ್ನು ಅವರು ಕೇಳಲಿಲ್ಲ. ಕೇಳದುದನ್ನು ನಾನು ಹೇಳಲಿಲ್ಲ. ಕಬ್ಬಿಣದ ಮಾತನ್ನೂ ಎತ್ತಲಿಲ್ಲ.

ಸವರಿಮುತ್ತು ಮುರಿದ ಒಡಲಿನಿಂದ ಕಿತ್ತ ಒಂದು ಹಲಗೆಯನ್ನು ಪಂಚೆಯಲ್ಲಿ ಸುತ್ತಿ ತಂದಿದ್ದ. ಅದನ್ನು ಮೇಜಿನ ಮೇಲೆ ಇಡಲು ಹೋದಾಗ ಕಾರ್ಯದರ್ಶಿಗಳು, "ಮರದ ತುಂಡು ದಾಖಲೆ ಅಲ್ಲ ಕಣಯ್ಯ, ಆಚೆ ತಗೊಂಡೋಗು" ಎಂದರು. ಆತ ನನ್ನ ಕಡೆ ನೋಡಿದ. ನಾನು ನಕ್ಷೆಯನ್ನು ಸುರುಳಿ ಸುತ್ತುತ್ತಿದ್ದೆ.

ವರದಿಯನ್ನು ಅಚ್ಚು ಹಾಕಿಸಿ, ಕಟ್ಟು ಹಾಕಿಸಿ ಸಂಘದ ಗೋಡೆಗೆ ನೇತುಹಾಕಿದರು. ಅದು ಲಷ್ಕರ್ ಮೊಹಲ್ಲಾವನ್ನು ತಲುಪಲು ಒಂದು ವಾರವೂ ಹಿಡಿಯಲಿಲ್ಲ. ಜಟಕಾದವರು ಆತನ ಬಾಗಿಲಲ್ಲಿ ಹಾಯುವಾಗ, "ಮೇಸ್ತ್ರೀ, ನಮ್ ಸೀಟು ಎಷ್ಟಂಗುಲ ಹಿಂದಿಟ್ಟಿದ್ದೀಯೋ? ಕುದುರೆ ಆಕಾಶಕ್ಕೆ ಹೋದಾತು!" ಎಂದು ಕೂಗುವರು. ಆತ ಮೊದಮೊದಲು ನಕ್ಕು, "ನಿನ್ ಕುದುರೆ ಹುಲ್ಲು ಕಂಡೇ ವರ್ಷ ಆಯ್ತು, ಅದೆಲ್ಲಿ ಹಾರ್ತದೆ ಬುಡು" ಎಂದು ಉತ್ತರ ಕೊಡುತ್ತಿದ್ದ. ಗಾಡಿ ಮಾಡಿಸುವವರು ಬರುವುದು ನಿಂತ ಮೇಲೆ ಉತ್ತರ ಕೊಡುವುದೂ ನಿಂತಿತು. ಕೊನೆಯ ಮೂರು ವರ್ಷ ಆತ ಮಾಡಿದ್ದು ಅಗರಬತ್ತಿ ತುಂಬುವ ಪೆಟ್ಟಿಗೆಗಳನ್ನು. ಅವುಗಳ ಮೂಲೆಗಳನ್ನೂ ಸಾರೋಟಿನ ಬಾಗಿಲಿನ ಹಾಗೆಯೇ ಕೂಡಿಸುತ್ತಿದ್ದನೆಂದು ಕೊಂಡವರು ಹೇಳುತ್ತಾರೆ. ನಾನು ಆ ಬೀದಿಯಲ್ಲಿ ನಡೆಯುವುದನ್ನು ಬಿಟ್ಟಿದ್ದೆ.

೧೯೩೭ರ ನವೆಂಬರ್ ೧೬ರಂದು ಸವರಿಮುತ್ತು ವಿಷಮಶೀತಜ್ವರದಿಂದ ತೀರಿಕೊಂಡ. ಹನ್ನೆರಡನೆಯ ದಿನ ಚಾಮರಾಜಪುರದ ನನ್ನ ಮನೆಗೆ ಆರೋಗ್ಯಮೇರಿ ಬಂದಳು. ಕೈಯಲ್ಲಿ ಅದೇ ಪಂಚೆಯ ಗಂಟು. ಕುರ್ಚಿ ತೋರಿಸಿದೆ, ಕೂರಲಿಲ್ಲ.

"ಅಯ್ನೋರೇ, ನಮ್ಮವರು ನಿಮ್ಮನ್ನ ಒಂದಿನಾನೂ ಬೈದೋರಲ್ಲ. ಅಯ್ನೋರು ಕೆಟ್ಟೋರಲ್ಲ ಕಣೇ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡೋರು, ಅವತ್ತು ಯಾರೂ ಕೇಳ್ಲಿಲ್ಲ ಅಂತಿದ್ರು." ಗಂಟನ್ನು ಬಿಚ್ಚಿ ಹಲಗೆಯನ್ನು ನನ್ನ ಮೇಜಿನ ಮೇಲಿಟ್ಟಳು. "ಈಗ ಅಳಿಯ ಸೆಲ್ವರಾಜು ಅಂಗಡಿ ತೆಗೆದವ್ನೆ. ಬಂದೋರು ಬೋರ್ಡು ಓದಿ, ಓ ಆ ಸವರಿಮುತ್ತು ಅಂಗಡಿಯಾ ಅಂತ ವಾಪಸ್ ಹೋಗ್ತವ್ರೆ. ಅದಕ್ಕೆ ನಾನು ಕೇಳಕ್ಕೆ ಬಂದೆ. ಈ ಗೆರೆ ಯಾರದು ಅಯ್ನೋರೇ?"

ನಾಲ್ಕನೆಯ ಪ್ರಶ್ನೆಯನ್ನು ಕೇಳಲು ಮೂರು ವರ್ಷ ಎಂಟು ತಿಂಗಳು ಬೇಕಾಯಿತು. ಕೇಳಿದವಳು ಬೆತ್ತದ ಆಸನ ಹೆಣೆದವಳು.

"ದೊರೆಸ್ವಾಮಿಯವರದು. ಎಳೆದದ್ದನ್ನು ನಾನು ಕಣ್ಣಾರೆ ಕಂಡೆ" ಎಂದೆ.

"ಇಷ್ಟೇ ಅಲ್ವಾ" ಎಂದಳು. ಪಂಚೆಯನ್ನು ಮಡಿಸಿಕೊಂಡು, ಹಲಗೆಯನ್ನು ನನ್ನಲ್ಲಿಯೇ ಬಿಟ್ಟು ಹೊರಟುಹೋದಳು.

ಆ ಬಳಿಕ ಸಂಘಕ್ಕೆ ನಾನು ಮೂರು ಪತ್ರ ಬರೆದಿದ್ದೇನೆ. ಎರಡಕ್ಕೆ ಉತ್ತರವಿಲ್ಲ. ಮೂರನೆಯದಕ್ಕೆ, ಹಳೆಯ ವಿಷಯವನ್ನು ಕೆದಕುವುದು ಸಂಘದ ಘನತೆಗೆ ತಕ್ಕುದಲ್ಲವೆಂದು ಕಾರ್ಯದರ್ಶಿಗಳು ಬರೆದಿದ್ದಾರೆ. ಆದ್ದರಿಂದ ಇದನ್ನು ಎಲ್ಲರೂ ಓದುವಂತೆ ಅಚ್ಚಿಗೆ ಕೊಡುತ್ತಿದ್ದೇನೆ.

ದೊರೆಸ್ವಾಮಿಯವರೇ, ಸಮಿತಿಯ ಇನ್ನಿಬ್ಬರು ಮಹಾಶಯರೇ: ಹಲಗೆ ನನ್ನ ಮೇಜಿನ ಮೇಲಿದೆ. ಅದರ ಮೇಲಿನ ಕೆಂಪು ಗೆರೆಯೂ ಪಕ್ಕದ 'ದೊ' ಅಕ್ಷರವೂ ಮಾಸಿಲ್ಲ. ನೀವು ರುಜು ಹಾಕದ ನಕ್ಷೆಯೂ ಇದೆ. ಮೂಗಿನ ಕೆಳಗೆ ಏನೂ ಇಲ್ಲದ ಗ್ಲೈಡರಿನ ಫೋಟೋ ನಿಮ್ಮ ಗೋಡೆಯ ಮೇಲೆಯೇ, ಆ ವರದಿಯ ಪಕ್ಕದಲ್ಲಿದೆ. ಬರುವ ೧೯೩೮ರ ಫೆಬ್ರವರಿ ೧೧ರೊಳಗೆ ವರದಿಯನ್ನು ಗೋಡೆಯಿಂದ ಇಳಿಸಿ, ಮೂಲ ಪುಸ್ತಕದಲ್ಲಿ 'ಬಡಗಿಯ ಅಲಕ್ಷ್ಯ' ಎಂಬ ಮಾತನ್ನು ಹೊಡೆದುಹಾಕಿ, ಆಸನವನ್ನು ಹಿಂದಿಡಿಸಿದವರು ಯಾರು, ಕಬ್ಬಿಣವನ್ನು ಬಿಚ್ಚಿಸಿದವರು ಯಾರು, ತಿಳಿದೂ ಸುಮ್ಮನಿದ್ದವನು ಯಾರು ಎಂಬುದನ್ನು ಹೆಸರು ಹಿಡಿದು ಬರೆಯಿರಿ. ಮೂರನೆಯ ಹೆಸರಿನ ಮುಂದೆ ಮೊದಲು ರುಜು ಹಾಕಲು ನಾನು ಬರುತ್ತೇನೆ. ಆ ಪುಟದ ನಕಲನ್ನು ನೀವೇ ಲಷ್ಕರ್ ಮೊಹಲ್ಲಾಕ್ಕೆ ಹೋಗಿ ಆರೋಗ್ಯಮೇರಿಯ ಕೈಗೆ ಕೊಡಿ. ಜವಾನನ ಕೈಯಲ್ಲಿ ಕಳುಹಿಸಬೇಡಿ. ಅಲ್ಲಿಗೆ ಸಾರೋಟಿನಲ್ಲಿ ಹೋಗುವಿರೋ ಜಟಕಾದಲ್ಲಿ ಹೋಗುವಿರೋ ನಿಮ್ಮ ಇಷ್ಟ. ಜಟಕಾದಲ್ಲಿ ಹೋಗುವುದಾದರೆ, ಗಾಡಿಯವನು ಹೇಳಿದ ಜಾಗದಲ್ಲಿ ಕೂರಿ.

ಸದಾಶಿವಯ್ಯ
ನಿವೃತ್ತ ನಕ್ಷೆಗಾರ, ಚಾಮರಾಜಪುರ, ಮೈಸೂರು
೧೯೩೮ನೆಯ ಇಸವಿ ಜನವರಿ ೯